ಪರಾಕಾಷ್ಠೆಗೆ ಒಂದು ಪ್ರಯೋಗ

ಬೆಳಿಗ್ಗೆ ಒಂಬತ್ತೂವರೆಗೆ ಕೊನೆಯ ಪ್ರೂಫಿನ ಕಟ್ಟು ನನ್ನ ಮೇಜಿನ ಮೇಲೆ ಬಿತ್ತು. ಒಂಬತ್ತೂಮುಕ್ಕಾಲಿಗೆ ನನ್ನ ಎದೆ ಧಸಕ್ಕೆಂದಿತು. ಪುಟ ೧೧೮೪, ಎಡಗಡೆಯ ಕಾಲಂ, ಮೇಲಿನಿಂದ ಮೂರನೆಯ ಪದ: ಪರಾಕಾಷ್ಠೆ. ಅರ್ಥವೇನೋ ಸರಿಯಾಗಿತ್ತು. ಅತ್ಯುನ್ನತ ಸ್ಥಿತಿ, ತುತ್ತತುದಿ, ಒಂದು ಗುಣ ಅಥವಾ ಭಾವ ಮುಟ್ಟಬಹುದಾದ ಕೊನೆಯ ಮಿತಿ. ಅದರ ಕೆಳಗೆ ಪ್ರಯೋಗಗಳು, ಅಂದರೆ ಆ ಪದವನ್ನು ಜನ ಹೇಗೆ ಬಳಸಿದ್ದಾರೆ ಎಂಬುದಕ್ಕೆ ಉದಾಹರಣೆಗಳು. ಬರಹದಿಂದ ತೆಗೆದದ್ದು ಮೂರು. ನಾಲ್ಕನೆಯದು ಮಾತಿನಿಂದ:

“ಅಪ್ಪ ಮೂರು ದಿನ ಬಾಗಿಲು ನೋಡ್ತಾ ಮಲಗಿದ್ರು, ನಿಂಗೆ ಪುಸ್ತಕ ಹೆಚ್ಚಾಯ್ತು. ಸ್ವಾರ್ಥದ ಪರಾಕಾಷ್ಠೆ ಅಂದ್ರೆ ಇದೇ ಕಣೋ.” (ಮಾತು, ಶಿಕ್ಷಕಿ, ೪೧)

ಆ ಶಿಕ್ಷಕಿ ನನ್ನ ಅಕ್ಕ. ಆ ‘ಕಣೋ’ ನಾನು.

ನಾನು ನಿಘಂಟಿನ ಕೆಲಸದವನು. ಇಪ್ಪತ್ತೊಂದು ವರ್ಷದಿಂದ ಇದೇ ಕಚೇರಿ, ಇದೇ ಕುರ್ಚಿ. ಹೊರಗಿನವರು ಸಿಕ್ಕಾಗಲೆಲ್ಲ “ಇನ್ನೂ ಮುಗಿದಿಲ್ವಾ ನಿಮ್ಮ ಡಿಕ್ಷನರಿ?” ಎನ್ನುತ್ತಾರೆ. ಅಲ್ಲ ಸ್ವಾಮಿ, ಜನ ಮಾತಾಡುವುದನ್ನು ನಿಲ್ಲಿಸಿದ್ದಾರೆಯೇ, ನಾವು ಮುಗಿಸುವುದಕ್ಕೆ? ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಎಲ್ಲರ ಜೇಬಿನಲ್ಲೂ ಅಂಗೈಯಗಲದ ಚೀಟಿಗಳ ಒಂದು ಕಂತೆ ಇರಬೇಕು. ಬಸ್ಸಿನಲ್ಲೋ ಬೀದಿಯಲ್ಲೋ ಯಾರ ಬಾಯಲ್ಲಾದರೂ ಅಪರೂಪದ ಪದ ಬಂತೋ, ನಿಂತ ಕಾಲಲ್ಲೇ ಬರೆದುಕೊಳ್ಳಬೇಕು. ಹೇಳಿದ್ದು ಹೇಳಿದಂತೆ. ಆಮೇಲೆ ಬರೆಯೋಣ ಎಂದರೆ ಮುಂದಿನ ತಿರುವಿನೊಳಗೆ ನಮ್ಮ ಬುದ್ಧಿ ಆ ಮಾತಿಗೆ ಸಾಣೆ ಹಿಡಿದಿರುತ್ತದೆ. ಕೆಳಗೆ ಆಡಿದವರ ವೃತ್ತಿ, ವಯಸ್ಸು. ಹೆಸರು ಬರೆಯುವಂತಿಲ್ಲ.

ನಾಲ್ಕು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದರು. ಅಕ್ಕ ಒಂದು ವಾರ ಕೂತಿದ್ದಳು. ಆಮೇಲಿನ ಮೂರು ದಿನ ನನ್ನ ಸರದಿ. ಸಂಪುಟ ಮುಗಿಯಬೇಕು, ಬರಲು ಆಗುತ್ತಿಲ್ಲ ಎಂದು ಹೇಳಿಕಳಿಸಿದೆ. ನಾಲ್ಕನೆಯ ದಿನ ಹೋದಾಗ ಅಪ್ಪನ ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದರು. ಅಕ್ಕ ಕಾರಿಡಾರಿನಲ್ಲಿ ನಿಂತು ಆ ಮಾತು ಹೇಳಿದಳು. ಕಿರುಚಲಿಲ್ಲ. ನಾನು ಏನು ಮಾಡಿದೆ? ಜೇಬಿಗೆ ಕೈ ಹಾಕಿ, ಚೀಟಿ ತೆಗೆದು, ಬರೆದುಕೊಂಡೆ. ನೀವು ನಂಬುವುದಿಲ್ಲ; ನನಗೇ ನಂಬಿಕೆ ಬರುವುದಿಲ್ಲ. ಹದಿನೇಳು ವರ್ಷದಲ್ಲಿ ಆ ಪದವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ, ಕೈ ತಾನಾಗಿಯೇ ಹೋಯಿತು. ಅಕ್ಕ ನನ್ನ ಪೆನ್ನು ಓಡುವುದನ್ನೇ ನೋಡುತ್ತಿದ್ದಳು. ನಾನು ವಯಸ್ಸು ಬರೆದು ತಲೆ ಎತ್ತುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದಳು.

ಇನ್ನೊಂದು ಹೇಳಲು ನಾಚಿಕೆಯಾಗುತ್ತದೆ. ಮುಂದಿನ ವಾರ ಕಚೇರಿಗೆ ಹೋದಾಗ ಜೇಬಿನಲ್ಲಿದ್ದ ಎಲ್ಲ ಚೀಟಿಗಳ ಜೊತೆ ಅದನ್ನೂ ಖಾನೆಗೆ ಹಾಕಿದೆ. ‘ಪರಾ’ದಿಂದ ಶುರುವಾಗುವ ಪದಗಳು ನನ್ನ ಪಾಲಿನವಲ್ಲ, ಪಕ್ಕದ ಮೇಜಿನವರದು. ಅವರನ್ನು ನಾವೆಲ್ಲ ಭೂತಗನ್ನಡಿ ಎಂದು ಕರೆಯುತ್ತೇವೆ. ಅವರಿಗೆ ಖಾನೆಯಲ್ಲಿ ಸಿಕ್ಕ ಮುತ್ತು ಅದು. ‘ಕಣೋ’ ಸಮೇತ ಎತ್ತಿ ಹಾಕಿದ್ದರು.

ಅಕ್ಕ ನಾಲ್ಕು ವರ್ಷ ನನ್ನೊಡನೆ ಮಾತು ಬಿಟ್ಟಳು. ಹೋದ ವಾರ ಇದ್ದಕ್ಕಿದ್ದಂತೆ ಫೋನು. “ಭಾನುವಾರ ಊಟಕ್ಕೆ ಬಾ. ಏನೂ ತರ್ಬೇಡ, ಸುಮ್ನೆ ಬಾ.” ಅಷ್ಟೇ. ಅಷ್ಟಕ್ಕೇ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಈಗ ನೋಡಿದರೆ ಇದು. ಅವಳು ಶಾಲೆಯಲ್ಲಿ ಭಾಷೆ ಕಲಿಸುವವಳು. ನಮ್ಮ ಪ್ರತಿ ಸಂಪುಟವನ್ನೂ ಮೊದಲ ಪುಟದಿಂದ, ಪೆನ್ಸಿಲ್ ಹಿಡಿದು, ಕಥೆ ಓದಿದಂತೆ ಓದುತ್ತಾಳೆ. ನನಗೆ ಒಂದು ಸಾಲೂ ಬರೆಯದಿದ್ದ ಆ ನಾಲ್ಕು ವರ್ಷದಲ್ಲೂ ಕಚೇರಿಗೆ ಹನ್ನೊಂದು ಪುಟದ ತಪ್ಪುಗಳ ಪಟ್ಟಿ ಕಳಿಸಿದ್ದಳು. ೧೧೮೪ನೆಯ ಪುಟವನ್ನು ಅವಳು ನೋಡದೆ ಬಿಡುವ ಮಾತೇ ಇಲ್ಲ. ನೋಡಿದ ಮೇಲೆ ನನ್ನ ಮುಖ ನೋಡುವ ಮಾತೂ ಇಲ್ಲ.

ಪ್ರೂಫ್ ಹಿಡಿದುಕೊಂಡು ಪ್ರಧಾನ ಸಂಪಾದಕಿಯ ಕೋಣೆಗೆ ನುಗ್ಗಿದೆ.

“ಮೇಡಂ, ಪರಾಕಾಷ್ಠೆಯ ನಾಲ್ಕನೇ ಪ್ರಯೋಗ ತೆಗೀಬೇಕು.”

ಮೇಡಂ ಕನ್ನಡಕ ಏರಿಸಿ ಓದಿದರು. “ಯಾಕೆ? ಇಡೀ ಸಂಪುಟದಲ್ಲಿ ಚೆನ್ನಾಗಿರೋದು ಇದೊಂದೇ.”

“ತೀರಾ ಮನೆ ಜಗಳದ ಥರ ಇದೆ.”

“ಮತ್ತೆ ಜಗಳದಲ್ಲಲ್ದೆ ಆ ಪದ ಇನ್ನೆಲ್ಲಿ ಬರುತ್ತೆ? ಶಿಖರ ಹತ್ತಿದೋರು ಇಳೀತಾರೆ. ಉತ್ತುಂಗಕ್ಕೆ ಹೋದೋರು ಇನ್ನೊಂದ್ಸಲ ಹೋಗ್ತಾರೆ. ಪರಾಕಾಷ್ಠೆ ಅಂದ್ಮೇಲೆ ಮುಗೀತು, ಅದರಾಚೆ ಕಾಲಿಡೋಕೆ ಜಾಗ ಇಲ್ಲ. ಭಕ್ತಿಯ ಪರಾಕಾಷ್ಠೆ, ಆನಂದದ ಪರಾಕಾಷ್ಠೆ, ಇವೆಲ್ಲ ಭಾಷಣದಲ್ಲಿ. ಬಾಯಿಗೆ ಬರೋದು ಕ್ರೌರ್ಯದ್ದು, ಮೂರ್ಖತನದ್ದು, ಸ್ವಾರ್ಥದ್ದು. ಈ ಹೆಂಗಸು ಎಷ್ಟು ಸರಿಯಾಗಿ ಹೇಳಿದಾಳೆ ನೋಡಿ.”

ಆ ಹೆಂಗಸು ಯಾರು ಎಂದು ಹೇಳಿಬಿಡಬಹುದಿತ್ತು. ಹೇಳಿದರೆ, ಆ ‘ಕಣೋ’ ಯಾರು ಎಂದು ಕೇಳುತ್ತಾರೆ.

“ಬೇರೆ ತಂದ್ರೆ ಹಾಕ್ತೀರಾ?”

“ಮಾತಿನದೇ ಆಗಿರ್ಬೇಕು. ಎರಡೇ ಸಾಲು, ಹೆಚ್ಚೂ ಬೇಡ, ಕಮ್ಮೀನೂ ಬೇಡ, ಇಲ್ದಿದ್ರೆ ಮುಂದಿನ ಪುಟಗಳೆಲ್ಲ ಜರುಗುತ್ತೆ. ಮೂರು ಗಂಟೆಗೆ ಪ್ರೆಸ್ಸಿನವರು ಪ್ಲೇಟ್ ಮಾಡ್ತಾರೆ. ಆಮೇಲೆ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ. ಮತ್ತೆ,” ಎಂದು ಪೆನ್ನು ತೋರಿಸಿದರು, “ಬಾಯಿಗಿಟ್ಟ ಮಾತು ತಂದೀರಿ ಜೋಕೆ.”

ಬಾಯಿಗಿಟ್ಟ ಮಾತು ಎಂದರೆ ನಾವೇ ಹೇಳಿಕೊಟ್ಟು ಹೇಳಿಸಿದ್ದು. ಅದು ನಮ್ಮಲ್ಲಿ ಮಹಾಪಾಪ. ಮೇಡಂ ಅಂಥ ಚೀಟಿಯನ್ನು ವಾಸನೆಯಲ್ಲೇ ಹಿಡಿದು ಕಸದ ಬುಟ್ಟಿಗೆ ಹಾಕುತ್ತಾರೆ. ಅಂದರೆ ನನಗೀಗ ಇನ್ನೈದು ತಾಸಿನೊಳಗೆ, ಈ ಊರಿನಲ್ಲಿ ಯಾರಾದರೂ ತಾವಾಗಿಯೇ, ಎರಡು ಸಾಲಿನಲ್ಲಿ, ಪರಾಕಾಷ್ಠೆ ಎನ್ನಬೇಕಿತ್ತು.

ಖಾನೆಯಲ್ಲಿ ಹುಡುಕಿದೆ. ಆ ಪದದ ಮೂವತ್ತೆಂಟು ಚೀಟಿ ಇದ್ದವು, ಮೂವತ್ತೇಳು ಬರಹದ್ದು. ಭೂತಗನ್ನಡಿ ಕುರ್ಚಿಯಲ್ಲೇ ತಿರುಗಿ, “ಏನ್ರೀ, ನಿಮ್ದೇ ಅಕ್ಷರದ ಚೀಟಿ ಅದು. ಎಂಥಾ ಮಾತು ಹಿಡಿದಿದ್ರಿ! ನಾನಾಗಿದ್ರೆ ಆ ಅಮ್ಮನಿಗೆ ಕೈ ಮುಗೀತಿದ್ದೆ” ಎಂದರು. ಅವರ ಭೂತಗನ್ನಡಿಯನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು. ಪ್ರೂಫನ್ನು ಚೀಲಕ್ಕೆ ತುರುಕಿಕೊಂಡು ಬೀದಿಗಿಳಿದೆ.

ಮೊದಲು ಕ್ಷೌರದಂಗಡಿ. ಜನ ಬಾಯ್ತುಂಬ ಬೈಯುವ ಜಾಗ ಅದು. ಆರು ದಿನದ ಹಿಂದೆ ಕತ್ತರಿಸಿಕೊಂಡಿದ್ದ ತಲೆಯನ್ನೇ ಮತ್ತೆ ಕೊಟ್ಟು ಕೂತೆ. ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುವ ಸದ್ದು ಕಿವಿ ಹರಿಯುತ್ತಿತ್ತು.

“ಇವರ ಗಲಾಟೆ ಎಲ್ಲಿಗೆ ಬಂತು ನೋಡಿ,” ಎಂದೆ, ಗಾಳ ಹಾಕುತ್ತ.

“ಎಲ್ಲಿಗೆ ಬರುತ್ತೆ ಸಾರ್, ನಮ್ಮ ಗೋಡೆವರೆಗೂ ಬಂತು,” ಎಂದ ಕ್ಷೌರಿಕ.

“ಅಲ್ಲಾ, ಇದು ಬರೀ ಗಲಾಟೆ ಅಲ್ಲ. ಅದಕ್ಕಿಂತ ಮೇಲೆ. ಇದನ್ನ ಏನಂತ ಹೇಳ್ಬೇಕು?”

“ಡ್ರಿಲ್ಲಿಂಗ್ ಅಂತಾರೆ ಸಾರ್.”

“ಬೇಜವಾಬ್ದಾರಿ ಅನ್ಸಲ್ವಾ ನಿಮಗೆ? ಬೇಜವಾಬ್ದಾರಿಯ...” ಎಂದು ಬಾಯಿ ತೆರೆದು ನಿಂತೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿ, “ಹಲ್ಲು ನೋವಾ ಸಾರ್?” ಎಂದ. ಎದ್ದು ಬಂದೆ. ಹನ್ನೊಂದು ಗಂಟೆಯಾಗಿತ್ತು.

ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಸರದಿಗಾಗಿ ಕಿತ್ತಾಡುತ್ತಿದ್ದರು. ಮಧ್ಯೆ ಹೋಗಿ ಕಿವಿ ಕೊಟ್ಟು ನಿಂತೆ. “ಅತಿಯಾಯ್ತು ನಿಂದು”, “ಎಲ್ಲಾದಕ್ಕೂ ಒಂದು ಮಿತಿ ಇರುತ್ತೆ”, “ತಲೆ ಮೇಲೆ ಹತ್ತಿ ಕೂತ್ಬಿಟ್ಲು”. ಎಲ್ಲ ಬಂತು, ಅದೊಂದು ಬರಲಿಲ್ಲ. ಕೊನೆಗೆ ಇಬ್ಬರೂ ಒಂದಾಗಿ ನನ್ನತ್ತ ತಿರುಗಿದರು. “ನಿಮಗೇನ್ರೀ ಬೇಕು ಇಲ್ಲಿ?” ಏನೆಂದು ಹೇಳಲಿ?

ಅಲ್ಲಿಂದ ಕೋರ್ಟು. ನನ್ನ ಹಳೆಯ ಸಹಪಾಠಿ ಅಲ್ಲಿ ವಕೀಲ; ದೊಡ್ಡ ಮಾತು ಬಿಟ್ಟು ಸಣ್ಣದು ಆಡಿದವನಲ್ಲ. ಜಗಲಿಯಲ್ಲಿ ಸಿಕ್ಕ. “ನಿನ್ನ ಎದುರಾಳಿ ಹೇಗಪ್ಪಾ?” ಎಂದೆ.

“ಅಯ್ಯೋ, ಕೇಳ್ಬೇಡ. ದುರುದ್ದೇಶದ ಪರಾಕಾಷ್ಠೆ!”

ಹೋದ ಜೀವ ಬಂದಂತಾಯಿತು. ಚೀಟಿ ತೆಗೆದೇಬಿಟ್ಟೆ. ಆಗ ಅವನ ಬಲಗೈ ನೋಡಿದೆ. ಅದರಲ್ಲಿ ಒಂದು ಅರ್ಜಿ, ಬೆರಳು ಸಾಲಿನ ಮೇಲೆ. “ನಾಲ್ಕನೇ ಪ್ಯಾರಾ, ಓದು, ಹೇಗೆ ಬರೆದಿದೀನಿ!” ಎಂದ. ಬರಹ! ಮೂವತ್ತೆಂಟನೆಯ ಬರಹ!

“ಕಾಗದ ನೋಡ್ದೆ ಏನಾದ್ರೂ ಹೇಳೋ ಮಾರಾಯ!”

“ಕಾಗದ ನೋಡ್ದೆ ಹೇಳೋಕೆ ನಾನೇನು ಸಾಕ್ಷಿನಾ?” ಎಂದು ನಕ್ಕು ಒಳಗೆ ಹೋದ.

ಜಗಲಿಯ ಕಂಬಕ್ಕೆ ಒರಗಿ ಕೂತೆ. ಕೈಯಲ್ಲಿ ಚೀಟಿ ಇತ್ತು. ‘ವಕೀಲ, ೪೩’ ಎಂದು ಬರೆದೆ. ಮೇಲೆ ಎರಡು ಸಾಲು ನಾನೇ ಹೊಂದಿಸಿದರೆ ಯಾರಿಗೆ ಗೊತ್ತಾಗಬೇಕು? “ಈ ಮನುಷ್ಯ ನನ್ನ ಮುಂದೇನೇ” ಎಂದು ಐದಾರು ಪದ ಬರೆದೂ ಬರೆದೆ. ಪೆನ್ನು ನಿಂತಿತು. ಒಬ್ಬಳು ನಿಜವಾಗಿ ಆಡಿದ ಮಾತನ್ನು ಅಳಿಸಿ, ಯಾರೂ ಆಡದ ಮಾತನ್ನು ಅಚ್ಚು ಹಾಕಿಸಲು ಹೊರಟಿದ್ದೆ ನಾನು. ಇಪ್ಪತ್ತೊಂದು ವರ್ಷ ತಿಂದ ಅನ್ನಕ್ಕೆ ಇಷ್ಟೇನಾ ಬೆಲೆ? ಊರಿಗೆಲ್ಲ ಪದದ ಶುದ್ಧಿ ಹೇಳುವವನು ಒಡಹುಟ್ಟಿದವಳಿಗೆ ಮುಖ ತೋರಿಸಲಾರದೆ ಬೀದಿ ಬೀದಿ ಅಲೆಯುತ್ತಿದ್ದೆ. ಚೀಟಿ ಹರಿದು ಹಾಕಿದೆ. ಹನ್ನೆರಡೂವರೆ. ಅಕ್ಕನ ಶಾಲೆಯ ಕಡೆ ಹೋಗುವ ಬಸ್ಸು ಹತ್ತಿದೆ.

ಆ ಬಸ್ಸು ಕಂಡಕಂಡಲ್ಲಿ ನಿಂತಿತು. ಕೂರಲಾಗಲಿಲ್ಲ, ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಹೋದೆ. ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿಕೊಂಡೆ. ಹತ್ತೂ ಪ್ರೂಫ್ ತಿದ್ದಿದ ಹಾಗೆ ಕೇಳಿಸುತ್ತಿದ್ದವು.

ಶಿಕ್ಷಕರ ಕೋಣೆಯಲ್ಲಿ ಊಟದ ಹೊತ್ತು. ದೂರದ ಮೇಜಿನಲ್ಲಿ ಇಬ್ಬರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅಕ್ಕ ಕಿಟಕಿಯ ಪಕ್ಕ ನೋಟ್‌ಬುಕ್ಕುಗಳ ರಾಶಿಯ ಹಿಂದೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಅದು ನನಗೆ ಗೊತ್ತಿರಲಿಲ್ಲ.

“ಭಾನುವಾರ ಅಂದಿದ್ನಲ್ಲೋ? ಇವತ್ತು ಗುರುವಾರ,” ಎಂದಳು. ಆಮೇಲೆ, “ಇದೇನೋ ತಲೆ? ಯಾರು ಹೀಗೆ ಕೆರೆದು ಹಾಕಿದ್ದು?”

“ಅಕ್ಕಾ, ಒಂದು ತೋರಿಸ್ಬೇಕು. ಬೈಯೋದಾದ್ರೆ ಓದಿದ ಮೇಲೆ ಬೈ.”

ಪ್ರೂಫ್ ಮುಂದಿಟ್ಟೆ. ಬೆರಳಿಟ್ಟು ತೋರಿಸುವ ಅಗತ್ಯವೇ ಬೀಳಲಿಲ್ಲ, ಅವಳ ಕಣ್ಣು ನೇರ ಅಲ್ಲಿಗೇ ಹೋಯಿತು. ಓದಿದಳು. ಮತ್ತೊಮ್ಮೆ ಓದಿದಳು. ಕೈಯಲ್ಲಿದ್ದ ಪೆನ್ಸಿಲ್ ತಾನಾಗಿಯೇ ಆ ಸಾಲಿನ ಮೇಲೆ ಬಂದು ನಿಂತಿತು.

“ನಾನು ‘ನಿಂಗೆ’ ಅನ್ನಲ್ಲ. ‘ನಿನಗೆ’ ಅಂದಿರ್ತೀನಿ.”

“ಇಲ್ಲ, ‘ನಿಂಗೆ’ ಅಂತಾನೇ ಅಂದೆ. ಅಲ್ಲೇ ಬರ್ಕೊಂಡಿದ್ನಲ್ಲ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಹೌದು,” ಎಂದಳು ಅಕ್ಕ. “ಬರ್ಕೊಂಡಿದ್ದೆ.”

“ಇದನ್ನ ತೆಗೆಸೋಕೆ ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಕೊಂಡು ಓಡಾಡ್ತಿದೀನಿ ಅಕ್ಕಾ. ಬೇರೆ ಪ್ರಯೋಗ ಸಿಕ್ಕಿದ್ರೆ ತೆಗೀತಾರೆ. ಮೂರು ಗಂಟೆವರೆಗೂ ಟೈಮಿದೆ. ಎಲ್ಲೂ ಸಿಗ್ತಿಲ್ಲ.”

“ಯಾಕೆ ತೆಗೆಸ್ಬೇಕು?”

“ನೀನು ನೋಡಿದ್ರೆ ನಿನಗೆ ನೋವಾಗುತ್ತೆ ಅಂತ.”

“ನನಗಾ, ನಿನಗಾ?”

ದೂರದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದ್ದರು.

“ನಾಲ್ಕು ವರ್ಷ ಆಯ್ತು,” ಎಂದಳು. ಧ್ವನಿ ಏರಿಸಲಿಲ್ಲ, ಆವತ್ತಿನ ಹಾಗೆಯೇ. “ಒಂದಿನ ಬಂದು ತಪ್ಪಾಯ್ತು ಅಂದಿಲ್ಲ ನೀನು. ಇವತ್ತು ಒಂದು ಸಾಲು ಅಳಿಸೋಕೆ ಊರೆಲ್ಲ ಸುತ್ತಿದೀಯಾ. ಆವತ್ತು ನೀನು ಚೀಟಿ ತೆಗೆದಾಗ ನಂಗೆ ಏನನ್ನಿಸ್ತು ಗೊತ್ತಾ? ಅಪ್ಪ ಸತ್ತಿದ್ದು ನಂಗೊಬ್ಬಳಿಗೇ ಅನ್ನಿಸ್ತು ಕಣೋ. ನಿಂಗೆ ಅಪ್ಪ ಸತ್ತಿರಲಿಲ್ಲ, ಪದ ಸಿಕ್ಕಿತ್ತು.”

ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ, ಇಂಥ ಹೊತ್ತಿನಲ್ಲಿ ಅದೇ ನನಗೆ ಆಸರೆ. ಇವತ್ತು ಅದೂ ಕೈಕೊಟ್ಟಿತು.

“ತಪ್ಪಾಯ್ತು ಅಕ್ಕಾ,” ಎಂದೆ. “ಪುಸ್ತಕ ಅನ್ನೋದು ನೆಪ. ಸಂಪುಟ ಆ ಮೂರು ದಿನ ನಾನಿಲ್ದೇನೂ ಮುಗೀತಿತ್ತು. ಆಸ್ಪತ್ರೆ ಗೇಟಿನವರೆಗೂ ಎರಡು ಸಲ ಬಂದು ವಾಪಸ್ ಹೋದೆ. ಅಪ್ಪನ್ನ ಹಾಗೆ ನೋಡೋಕೆ ಭಯ ಆಯ್ತು. ಇದನ್ನ ಯಾರಿಗೂ ಹೇಳಿಲ್ಲ.”

ಅಕ್ಕ ಕುರ್ಚಿಯನ್ನು ನನ್ನತ್ತ ತಿರುಗಿಸಿಕೊಂಡಳು.

“ಗೇಟಿನವರೆಗೂ ಬಂದಿದ್ದಾ?”

“ಎರಡು ಸಲ.”

“ಥೂ, ಪುಕ್ಕಲ,” ಎಂದಳು. ಕಣ್ಣು ಒರೆಸಿಕೊಂಡಳು. “ಒಳಗೆ ಬಂದು ನನ್ನ ಹಿಂದೆ ನಿಂತ್ಕೊಂಡಿದ್ರೂ ಸಾಕಿತ್ತಲ್ಲೋ. ಅಪ್ಪನಿಗೆ ನಿನ್ನ ಧ್ವನಿ ಕೇಳಿಸಿದ್ರೂ ಸಾಕಿತ್ತು.”

“ಹೌದು.”

“ಈಗ ಹೌದು ಅಂತೀಯ.”

“ಹೌದು ಅಕ್ಕಾ.”

ಮೂಗು ಒರೆಸಿಕೊಂಡು ಪ್ರೂಫನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಗಡಿಯಾರದಲ್ಲಿ ಎರಡು ಗಂಟೆ. ಊಟ ಮುಗಿಯುವ ಗಂಟೆ ಹೊಡೆಯಿತು, ಅವಳು ಏಳಲಿಲ್ಲ.

“ಇದು ಇರಲಿ,” ಎಂದಳು.

“ಅಂದ್ರೆ?”

“ಅಂದ್ರೆ ಇರಲಿ ಅಂತ. ನಾನು ಆಡಿದ್ದು ನಿಜ. ಅಪ್ಪ ಬಾಗಿಲು ನೋಡಿದ್ದೂ ನಿಜ. ಅಳಿಸಿದ್ರೆ ನೋಡಿಲ್ಲ ಅಂತ ಆಗುತ್ತಾ? ಆದ್ರೆ ಇದೊಂದು ತಪ್ಪು.” ಪೆನ್ಸಿಲ್ಲಿನಿಂದ ಒಂದು ಪದಕ್ಕೆ ಅಡ್ಡಗೆರೆ ಎಳೆದಳು. ‘ಶಿಕ್ಷಕಿ’. “ಯಾರೋ ದಾರೀಲಿ ಹೋಗೋ ಮೇಷ್ಟ್ರಮ್ಮ ಹೇಳಿದ ಹಾಗೆ ಬರ್ಕೊಂಡಿದೀಯಲ್ಲೋ! ನಾನು ಆವತ್ತು ಪಾಠ ಮಾಡ್ತಿದ್ನಾ?”

ಅಂಚಿನಲ್ಲಿ, ಮಕ್ಕಳ ಪುಸ್ತಕ ತಿದ್ದುವ ದುಂಡು ಅಕ್ಷರದಲ್ಲಿ, ‘ಅಕ್ಕ’ ಎಂದು ಬರೆದಳು.

ಅಲ್ಲಿಂದಲೇ ಮೇಡಂಗೆ ಫೋನು ಮಾಡಿದೆ.

“ಸಿಕ್ತಾ ಪ್ರಯೋಗ?”

“ಇಲ್ಲ ಮೇಡಂ. ಇರೋದೇ ಇರಲಿ. ಆಧಾರ ಒಂದು ತಿದ್ಬೇಕು. ‘ಶಿಕ್ಷಕಿ’ ತೆಗೆದು ‘ಅಕ್ಕ’ ಅಂತ ಹಾಕಿ. ಚಿಕ್ಕ ಪದ, ಸಾಲು ಜರುಗಲ್ಲ.”

“ಏನ್ರೀ ಇದು? ವೃತ್ತಿ ಇರೋ ಜಾಗದಲ್ಲಿ ಸಂಬಂಧ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಹನ್ನೆರಡು ಸಂಪುಟದಲ್ಲಿ ಎಲ್ಲಾದ್ರೂ ನೋಡಿದೀರಾ?”

“ಇಲ್ಲ ಮೇಡಂ. ಆದ್ರೂ ಹಾಕಿ.”

“ಯಾರ ಅಕ್ಕ ಅಂತ ಓದೋರು ಕೇಳಿದ್ರೆ?”

ಅಕ್ಕ ಪೆನ್ಸಿಲ್ ಕೆಳಗಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಇಬ್ಬರು ಶಿಕ್ಷಕರೂ ತರಗತಿಗೆ ಹೋಗುವುದನ್ನು ಮರೆತು ಬಾಗಿಲಲ್ಲಿ ನಿಂತಿದ್ದರು.

“ನನ್ನಕ್ಕ ಮೇಡಂ,” ಎಂದೆ. “ಬೈದಿದ್ದು ನನಗೇ.”